ನಿಮ್ಮನ್ನು ಅಳಿಸಿದ ಹಾಡು ಯಾವುದು?



ಕಾರ್ಖಾನೆ ಕೆಲಸಕ್ಕೆಂದು ಜೀಡಿಮೆಟ್ಲಾಕ್ಕೆ ಬಂದ ನಮ್ಮಂಥವರ ಮನೆಗಳಲ್ಲಿ ಕನ್ನಡ ಉಳಿದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಕ್ಯಾಸೆಟ್ಟುಗಳಿಂದ. 1978ರ ‘ನಿತ್ಯೋತ್ಸವ’, ಅಂದರೆ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗ, ಸವೆಯುವಷ್ಟು ಕೇಳಿದ್ದೇವೆ.

“ನಮ್ಮ ಮಾತೇ ಅರ್ಧ ತೆಲುಗು, ಆ ಹಾಡೆಲ್ಲ ನಮಗೇಕೆ?” ಎನ್ನುತ್ತೀರಿ. ಕೇಳಿ, ಡಾ. ರಾಜ್‌ಕುಮಾರರ ಕಂಠವೆಂದೇ ನಾವು ನಂಬಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು 1930ರಲ್ಲಿ, ಕಾಕಿನಾಡದಲ್ಲಿ. ಮನೆಮಾತು ತೆಲುಗು! 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್ ತಾವೇ ಹಾಡುವವರೆಗೂ ತೆರೆಯ ಮೇಲೆ ಅವರಿಗೆ ಹೆಚ್ಚಾಗಿ ದನಿಯಾದವರು ಇವರೇ. ಅಬ್ಬರವಿಲ್ಲದ ಆ ಮೆತ್ತನೆಯ ದನಿಯಲ್ಲಿ ದುಃಖದ ಹಾಡು ಬಂದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. (ನನ್ನಾಕೆ ನಗುತ್ತಾಳೆ, ನಗಲಿ.)

ಮುಂದಿನ ಸಂಚಿಕೆಗೆ ನಿಮ್ಮ ಸರದಿ. ನಿಮ್ಮ ಮನಸ್ಸು ಕಲಕಿದ ಒಂದು ಹಾಡು, ಅದನ್ನು ಮೊದಲು ಯಾರಿಂದ ಕೇಳಿದಿರಿ ಎಂಬುದು, ಇಷ್ಟು ಬರೆಯಿರಿ. ಸಿನಿಮಾದ್ದೇ ಆಗಬೇಕಿಲ್ಲ. ಊರಿನ ಅಜ್ಜಿ ತೊಟ್ಟಿಲು ತೂಗುತ್ತ ಹಾಡಿದ್ದಾದರೆ ಈ ರಜೆಯಲ್ಲೇ ಕೂತು ಪೂರ್ತಿ ಕೇಳಿ ಬರೆದುಕೊಳ್ಳಿ. ಅದು ಯಾವ ಅಂಗಡಿಯಲ್ಲೂ ಸಿಗದು, ಅಜ್ಜಿಗೂ ವಯಸ್ಸಾಗಿದೆ. ಕನ್ನಡ ಲಿಪಿ ಬಾರದವರು ತೆಲುಗು ಅಕ್ಷರದಲ್ಲೇ ಬರೆದು ಕಳಿಸಿ. ನಾವು ಓದಿಕೊಳ್ಳುತ್ತೇವೆ.