ಬಂದ ಹಣ ಯಾರದು?



ಕಳೆದ ಭಾನುವಾರ ಬೆಳಿಗ್ಗೆ ಹಳೆಯ ಶಿಷ್ಯನೊಬ್ಬನ ದೂರವಾಣಿ ಕರೆ ಬಂದಿತು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಆತ, "ಸಾರ್, ಮನೆಯಲ್ಲಿ ಎರಡು ಬಿಟ್‌ಕಾಯಿನ್ ಮೈನಿಂಗ್ ಯಂತ್ರಗಳು ಸುಮ್ಮನೆ ಕೂತಿವೆ. ಕರೆಂಟ್ ಬಿಲ್ಲಿನಷ್ಟೂ ದುಡಿಯುತ್ತಿಲ್ಲ. ಹಳೆಯ ಸಾಮಾನು ಮಾರುವ ಜಾಲತಾಣಕ್ಕೆ ಹಾಕಿ ಕೈ ತೊಳೆದುಕೊಳ್ಳೋಣ ಅಂತಿದ್ದೇನೆ" ಎಂದ. ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ ಇದನ್ನೇಕೆ ಹೇಳುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಅವನದೇ ತರಗತಿಯ ಇನ್ನೊಬ್ಬ ಹುಡುಗ 2022ರ ಕೊನೆಯಲ್ಲಿ ಇಂಥದೇ ಸಾಮಾನು ಮಾರಲು ಹೋಗಿ ಪಟ್ಟ ಪಾಡು ನನಗೆ ಗೊತ್ತಿದೆ ಎಂಬುದು ಅವನಿಗೆ ತಿಳಿದಿತ್ತು. ಆ ದಿನ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ನೊಂದ ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾನೆ.

ಮೊದಲು ಈ ಯಂತ್ರ ಏನು ಮಾಡುತ್ತದೆ ಎಂಬುದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಜಗತ್ತಿನ ಲಕ್ಷಾಂತರ ಯಂತ್ರಗಳು ಒಂದು ನಿಯಮಕ್ಕೆ ಹೊಂದುವ ಸಂಖ್ಯೆಯನ್ನು ಊಹಿಸುತ್ತ ಹೋಗುವ ಪಂದ್ಯವೇ ಮೈನಿಂಗ್. ಇದಕ್ಕೆ ಜಾಣತನ ಬೇಡ, ವೇಗ ಬೇಕು. ಮೊದಲು ಗುರಿ ಮುಟ್ಟಿದವರಿಗೆ ನಾಣ್ಯದ ಬಹುಮಾನ. 2009ರಲ್ಲಿ ಬಿಟ್‌ಕಾಯಿನ್ ಆರಂಭವಾದಾಗ ಆ ಬಹುಮಾನ 50 ನಾಣ್ಯಗಳಷ್ಟಿತ್ತು. ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಬಿಟ್‌ಕಾಯಿನ್‌ಗೆಂದೇ ತಯಾರಾದ ಯಂತ್ರಕ್ಕೆ ಆ ಒಂದು ಲೆಕ್ಕವನ್ನು ಬಿಟ್ಟು ಬೇರೇನೂ ಬಾರದು. ಅದರಲ್ಲಿ ಕಾಗದ ಬರೆಯಲಾಗದು, ಚಿತ್ರ ನೋಡಲಾಗದು. ಎತ್ತು ಮುದಿಯಾದರೂ ಗೊಬ್ಬರ ಕೊಡುತ್ತದೆ. ಈ ಯಂತ್ರ ಮುದಿಯಾದರೆ ಶಾಖ ಮತ್ತು ಸದ್ದನ್ನಷ್ಟೇ ಕೊಡುತ್ತದೆ.

ಈಥರ್ ಎಂಬ ಇನ್ನೊಂದು ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡ್‌ಗಳಿಂದ ಸಂಪಾದಿಸುತ್ತಿದ್ದರು. ನಮ್ಮ ಹುಡುಗ ಬೆಂಗಳೂರಿನಲ್ಲಿ ಕಂಪನಿಯೊಂದರ ನೌಕರ. 2021ರಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಜಗತ್ತಿನಲ್ಲೆಲ್ಲ ಗ್ರಾಫಿಕ್ಸ್ ಕಾರ್ಡುಗಳ ಅಭಾವವಿದ್ದಾಗ, ಮುದ್ರಿತ ಬೆಲೆಗಿಂತ ಹೆಚ್ಚು ಕೊಟ್ಟು ಆರು ಕಾರ್ಡುಗಳನ್ನು ಕೊಂಡ. ಒಮ್ಮೆ ಅವನ ಮನೆಗೆ ಹೋಗಿದ್ದಾಗ ಒಳಕೋಣೆಯಿಂದ ಹಿಟ್ಟಿನ ಗಿರಣಿಯ ಸದ್ದು ಬರುತ್ತಿತ್ತು. "ದುಡ್ಡು ಬೀಸುತ್ತಿದ್ದೇನೆ ಸಾರ್" ಎಂದು ನಗುತ್ತ ಹೇಳಿದ್ದ. 2022ರ ಸೆಪ್ಟೆಂಬರ್ 15ರಂದು ಈಥರ್‌ನ ವ್ಯವಸ್ಥೆಯೇ ಬದಲಾಯಿತು. ಊಹೆಯ ಪಂದ್ಯವನ್ನು ಕೈಬಿಟ್ಟು, ನಾಣ್ಯಗಳನ್ನು ಒತ್ತೆಯಿಟ್ಟವರು ವ್ಯವಹಾರಗಳನ್ನು ದೃಢೀಕರಿಸುವ ಪದ್ಧತಿಗೆ ಹೋದರು. ಅದರ ವಿದ್ಯುತ್ ಬಳಕೆ ಶೇಕಡ 99ಕ್ಕಿಂತ ಹೆಚ್ಚು ತಗ್ಗಿತು. ಲೋಕಕ್ಕೆ ಒಳ್ಳೆಯದೇ ಆಯಿತು. ಆದರೆ ಒಂದೇ ದಿನದಲ್ಲಿ ಜಗತ್ತಿನ ಲಕ್ಷಗಟ್ಟಲೆ ಕಾರ್ಡುಗಳು ಆ ಕೆಲಸ ಕಳೆದುಕೊಂಡವು, ಎಲ್ಲರೂ ಒಟ್ಟಿಗೇ ಮಾರಲು ಹೊರಟರು.

ಇಲ್ಲಿಯೇ ಮೊದಲ ಅಪಾಯವಿದೆ. ಹಳೆಯ ಮೇಜನ್ನೋ ಸೈಕಲ್ಲನ್ನೋ ಮಾರುವವನಿಗೆ ಅವಸರವಿಲ್ಲ. ಈ ಸಾಮಾನು ಮಾರುವವನಿಗೆ ಈ ವಾರಕ್ಕಿಂತ ಮುಂದಿನ ವಾರ ಬೆಲೆ ಕಡಿಮೆಯಾದೀತೆಂಬ ದಿಗಿಲು. ವಸ್ತು ಚಿಕ್ಕದು, ಬೆಲೆ ದೊಡ್ಡದು, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಮನೆಯವರ ಮಾತು ಕೇಳದೆ ಹಣ ಹಾಕಿದ್ದರಿಂದ ಒಳಗೊಳಗೇ ಒಂದು ಸಂಕೋಚವೂ ಇರುತ್ತದೆ, ಹಾಗಾಗಿ ಯಾರನ್ನೂ ಕೇಳುವುದಿಲ್ಲ. ಅವಸರ ಮತ್ತು ಸಂಕೋಚ ಇರುವ ಮನೆಯನ್ನು ಮೋಸಗಾರ ದೂರದಿಂದಲೇ ಗುರುತಿಸುತ್ತಾನೆ.

ಹುಡುಗ ಜಾಲತಾಣದಲ್ಲಿ ಕಾರ್ಡುಗಳ ಚಿತ್ರಗಳನ್ನು ಹಾಕಿದ. ಎರಡನೆಯ ದಿನವೇ ಒಬ್ಬ ಕರೆ ಮಾಡಿ, ಆರನ್ನೂ ಕೊಳ್ಳುವೆನೆಂದು, ಚೌಕಾಸಿಯಿಲ್ಲದೆ ಒಂದೂವರೆ ಲಕ್ಷಕ್ಕೆ ಒಪ್ಪಿದ. "ಹಣ ನಮ್ಮ ಅಣ್ಣನ ಖಾತೆಯಿಂದ ಬರುತ್ತದೆ, ಸಾಮಾನು ತೆಗೆದುಕೊಳ್ಳಲು ನಮ್ಮ ಹುಡುಗ ಬರುತ್ತಾನೆ" ಎಂದ. ನಮ್ಮವನು ದಡ್ಡನಲ್ಲ. ಹಣ ಬರುವವರೆಗೂ ಸಾಮಾನು ಕೊಡಲಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲಿಲ್ಲ, ಪಿನ್ ಒತ್ತಲಿಲ್ಲ, ಕಳುಹಿಸಿದೆವೆಂಬ ಸಂದೇಶವನ್ನೂ ನಂಬಲಿಲ್ಲ. ಬ್ಯಾಂಕಿನ ಆ್ಯಪ್ ತೆರೆದು, ಒಂದೂವರೆ ಲಕ್ಷ ಜಮೆಯಾದದ್ದನ್ನು ಕಣ್ಣಾರೆ ನೋಡಿ, ಆ ಬಳಿಕವೇ ಪೆಟ್ಟಿಗೆಗಳನ್ನು ಕೊಟ್ಟ.

ಒಂಬತ್ತು ದಿನಗಳ ನಂತರ ಅವನ ಖಾತೆ ಸ್ಥಗಿತವಾಯಿತು. ವಿಚಾರಿಸಿದಾಗ, ಹೊರರಾಜ್ಯದ ಪೊಲೀಸರಿಂದ ಬ್ಯಾಂಕಿಗೆ ಸೂಚನೆ ಬಂದಿತ್ತು. ನಡೆದದ್ದು ಇಷ್ಟು. ಆ ಮೋಸಗಾರ ನಮ್ಮ ಹುಡುಗ ಹಾಕಿದ್ದ ಚಿತ್ರಗಳನ್ನೇ ಕದ್ದು, ತಾನೇ ಮಾರುವವನೆಂದು ಇನ್ನೊಂದು ಜಾಹೀರಾತು ಹಾಕಿದ್ದ. ದೂರದ ಊರಿನ ಒಬ್ಬ ಮನುಷ್ಯ ಅದನ್ನು ನಂಬಿದ. "ಈ ಖಾತೆಗೆ ಹಣ ಹಾಕಿ" ಎಂದು ಮೋಸಗಾರ ಅವನಿಗೆ ಕೊಟ್ಟದ್ದು ನಮ್ಮ ಹುಡುಗನ ಖಾತೆ ಸಂಖ್ಯೆ. ಹೀಗೆ ಒಬ್ಬನ ಹಣ ಇಲ್ಲಿಗೆ, ಇಲ್ಲಿಯ ಸಾಮಾನು ಮೋಸಗಾರನ ಚೀಲಕ್ಕೆ. ತ್ರಿಕೋನದ ಎರಡು ತುದಿಗಳಲ್ಲಿ ಇಬ್ಬರು ಸಜ್ಜನರು ಪರಸ್ಪರ ಮುಖ ನೋಡದೆ ನಿಂತಿದ್ದರು, ಮೂರನೆಯ ತುದಿಯಲ್ಲಿದ್ದವನು ಮಾಯವಾಗಿದ್ದ. ಹಣ ಕಳೆದುಕೊಂಡವನ ಕಣ್ಣಿಗೆ ನಮ್ಮ ಹುಡುಗನೇ ಕಳ್ಳ, ಏಕೆಂದರೆ ಹಣ ಹೋದದ್ದು ಅವನ ಹೆಸರಿಗೆ.

ಅದು ಸಂಬಳದ ಖಾತೆ. ಮನೆಸಾಲದ ಕಂತು ತಪ್ಪಿತು. ತಿಂಗಳುಗಟ್ಟಲೆ ಪತ್ರ ಬರೆದು, ಅಲೆದು, ಕೊನೆಗೆ ಆ ಒಂದೂವರೆ ಲಕ್ಷವನ್ನು ಹಣ ಕಳೆದುಕೊಂಡವನಿಗೇ ಹಿಂದಿರುಗಿಸಲು ಒಪ್ಪಿದ ಮೇಲೆ ಖಾತೆ ಬಿಡುಗಡೆಯಾಯಿತು. ಕಾರ್ಡೂ ಹೋಯಿತು, ಹಣವೂ ಹೋಯಿತು. ನಡುವೆ ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತು, "ಸಾರ್, ನಾನು ಕಳ್ಳನೇ? ಹಣ ಬಂದದ್ದು ನೋಡಿಯೇ ಕೊಟ್ಟೆನಲ್ಲ" ಎಂದ. "ಇಲ್ಲ ಕಣಪ್ಪ, ನೀನು ಕಳ್ಳನಲ್ಲ. ಆದರೆ ಹಣ ಬಂತೇ ಎಂದು ಕೇಳಿದೆ, ಯಾರ ಹಣ ಬಂತು ಎಂದು ಕೇಳಲಿಲ್ಲ" ಎಂದೆ. ಗಾಯದ ಮೇಲೆ ಬರೆ ಎಳೆದೆನೇನೋ ಎಂದು ಆಮೇಲೆ ನನಗೇ ಬೇಸರವಾಯಿತು. ಆದರೂ ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದು ಆ ಒಂದೇ ಮಾತು.

ನಮ್ಮ ತಂದೆಯವರು ಸಿದ್ಧಗಂಗೆಯ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದಾಗ ನಾನೂ ಹಿಂದೆ ಹೋಗುತ್ತಿದ್ದೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ. ಕೊಳ್ಳುವವನು ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ. ನಮ್ಮ ತಂದೆ ಕೊಳ್ಳುವವನ ಊರು, ಮನೆತನ, ಅವನ ಊರಿನಲ್ಲಿ ತಮಗೆ ಗೊತ್ತಿರುವವರು ಯಾರು ಎಂದೆಲ್ಲ ಕೇಳಿದ ಮೇಲೆಯೇ ಹಗ್ಗ ಕೈ ಬದಲಾಯಿಸುತ್ತಿದ್ದರು. ಆಗ ಅದು ನನಗೆ ಕಾಲಹರಣವಾಗಿ ಕಾಣುತ್ತಿತ್ತು. ದಲ್ಲಾಳಿಯಲ್ಲಿಯೂ ಮೋಸವಿತ್ತು ನಿಜ. ಆದರೆ ಮುಂದಿನ ವರ್ಷದ ಜಾತ್ರೆಗೂ ಅವನು ಬರಲೇಬೇಕಿತ್ತು, ಮುಖ ತೋರಿಸಲೇಬೇಕಿತ್ತು. ಜಾಲತಾಣಗಳು ದಲ್ಲಾಳಿಯನ್ನು ತೆಗೆದುಹಾಕಿದೆವೆಂದು ಹೆಮ್ಮೆಪಡುತ್ತವೆ. ಅವನೊಡನೆ ಅವನ ಜಾಮೀನನ್ನೂ ತೆಗೆದುಹಾಕಿದವು. ಮಾರುವವರ, ಕೊಳ್ಳುವವರ ಗುರುತನ್ನು ಖಚಿತಪಡಿಸುವ ಹೊಣೆಯನ್ನು ಈ ತಾಣಗಳು ಹೊರಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಹಗ್ಗ ನಮ್ಮ ಕೈಯಲ್ಲಿದೆ.

ಹೊರದೇಶದಲ್ಲಿರುವ ನಮ್ಮ ಬಂಧುಗಳಿಗೂ ಒಂದು ಮಾತು. ಅಲ್ಲಿ ಅಪಾಯದ ರೂಪ ಬೇರೆ. ಈಬೇಯಂಥ ತಾಣಗಳಲ್ಲಿ, "ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ನೀವು ಬರೆದಿದ್ದರೂ, ವಸ್ತು ವರ್ಣನೆಗೆ ತಕ್ಕಂತಿಲ್ಲವೆಂದು ಕೊಂಡವನು ದೂರಿದರೆ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಪೇಪಾಲ್‌ನಲ್ಲಿ ದೂರು ಕೊಡಲು 180 ದಿನಗಳ ಅವಕಾಶವಿದೆ. ಕೊಳ್ಳುವವರ ರಕ್ಷಣೆಗೆ ಇಂಥ ನಿಯಮ ಬೇಕು, ಸಂಶಯವಿಲ್ಲ. ಆದರೆ ಮೈನಿಂಗ್ ಯಂತ್ರದ ಬೆಲೆಯೆಲ್ಲ ಅದು ದುಡಿಯುವ ದಿನಗಳಲ್ಲಿದೆ. ಕೆಲವು ವಾರ ದುಡಿಸಿಕೊಂಡು, ನಾಣ್ಯದ ಬೆಲೆ ಇಳಿದೊಡನೆ "ಕೆಟ್ಟಿದೆ" ಎಂದು ಹಿಂದಿರುಗಿಸಿದರೆ, ಮಾರಿದವನು ಯಂತ್ರವನ್ನು ಪುಕ್ಕಟೆ ಬಾಡಿಗೆಗೆ ಕೊಟ್ಟಂತಾಯಿತು. 2016ರಲ್ಲಿ ಬಂದ ಆಂಟ್‌ಮೈನರ್ ಎಸ್9 ಎಂಬ ಹೆಸರಾಂತ ಯಂತ್ರದಲ್ಲಿ ತಲಾ 63 ಚಿಪ್‌ಗಳ ಮೂರು ಹಲಗೆಗಳಿದ್ದವು. ಒಳ್ಳೆಯ ಹಲಗೆಯನ್ನು ಬಿಚ್ಚಿಕೊಂಡು, ಸತ್ತ ಹಲಗೆಯನ್ನು ತುರುಕಿ ಕಳುಹಿಸಿದರೆ ಹೊರಗಿನಿಂದ ಗೊತ್ತಾಗದು. ಬಿಟ್‌ಕಾಯಿನ್‌ನ ಹೆಗ್ಗಳಿಕೆಯೇ ಒಮ್ಮೆ ಕೊಟ್ಟದ್ದು ಹಿಂದಿರುಗದು ಎಂಬುದು. ಅದನ್ನು ಸೃಷ್ಟಿಸುವ ಯಂತ್ರವನ್ನು ಮಾರಿ ನಾವು ಪಡೆಯುವುದು ಮಾತ್ರ ತಿಂಗಳುಗಳ ನಂತರವೂ ಹಿಂದಿರುಗಿ ಹೋಗಬಲ್ಲ ಹಣ!

ಹಾಗಾದರೆ ಮಾರಲೇಬಾರದೇ? ಮಾರಿ. ಆದರೆ ಎತ್ತು ಮಾರಿದಂತೆ ಮಾರಿ. ಸಾಧ್ಯವಾದಷ್ಟೂ ಎದುರಿಗೆ ಬಂದು ನೋಡಿ ಕೊಳ್ಳುವವನಿಗೇ ಕೊಡಿ. ಯಂತ್ರ ಓಡುತ್ತಿರುವುದನ್ನು ತೋರಿಸಿ. ಚಿತ್ರ ತೆಗೆಯುವಾಗ ನಿಮ್ಮ ಹೆಸರು, ಊರು, ದಿನಾಂಕ ಬರೆದ ಚೀಟಿಯನ್ನು ಕಾರ್ಡಿನ ಮೇಲೆಯೇ ಇಡಿ. ಆ ಚಿತ್ರವನ್ನು ಕದ್ದವನಿಗೆ ಅದು ಸುಲಭವಾಗಿ ಉಪಯೋಗಕ್ಕೆ ಬಾರದು. ನಮ್ಮ ಹುಡುಗ ಈ ಒಂದು ಚೀಟಿ ಇಟ್ಟಿದ್ದರೆ ದೂರದ ಆ ಮನುಷ್ಯನಿಗೂ ಸಂಶಯ ಬರುತ್ತಿತ್ತೇನೋ. ಹಣ ಕೊಳ್ಳುವವನ ಸ್ವಂತ ಖಾತೆಯಿಂದಲೇ ಬರಲಿ, ಖಾತೆಯ ಹೆಸರೂ ಎದುರಿಗಿರುವವನ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಲಿ. ಅಣ್ಣ, ಮಾವ, ಕಂಪನಿ ಎಂದರೆ ವ್ಯಾಪಾರ ಬೇಡ. ಸೀರಿಯಲ್ ನಂಬರುಗಳನ್ನೆಲ್ಲ ಬರೆದ ಒಂದು ಮಾರಾಟದ ಚೀಟಿಗೆ ಇಬ್ಬರೂ ಸಹಿ ಹಾಕಿ. ಹಣ ಪಡೆಯಲು ಪಿನ್ ಎಂದೂ ಬೇಡ. ಪಿನ್ ಒತ್ತುವುದು ಕೊಡುವುದಕ್ಕೆ ಮಾತ್ರ. ವ್ಯಕ್ತಿ ವ್ಯಕ್ತಿಗೆ ಯುಪಿಐನಲ್ಲಿ "ಹಣ ಕೊಡಿ" ಎಂಬ ಕೋರಿಕೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಆದರೆ ಕ್ಯೂಆರ್ ಕೋಡಿನ ಮೋಸಕ್ಕೆ ಆ ಬಾಗಿಲು ಬೇಕಿಲ್ಲ.

ಗಣಕವನ್ನು ಇಡಿಯಾಗಿ ಮಾರುವುದಾದರೆ ಅದರ ಡಿಸ್ಕನ್ನು ತೆಗೆದಿಟ್ಟುಕೊಳ್ಳಿ. ನಾಣ್ಯಗಳ ಗುಪ್ತ ಕೀಲಿ ಅದರೊಳಗೆ ಉಳಿದಿರಬಹುದು. ವೇಲ್ಸ್ ದೇಶದ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಒಬ್ಬಾತನ ಹಳೆಯ ಹಾರ್ಡ್ ಡಿಸ್ಕ್ ಕಸದ ಗುಂಡಿ ಸೇರಿತು. ಅದರೊಡನೆ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯೂ ಹೋಯಿತು. ಕಸ ಅಗೆಯಲು ಅವಕಾಶ ಕೋರಿದ ಅವನ ಮೊಕದ್ದಮೆ 2025ರ ಜನವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು.

ಇಷ್ಟಾದರೂ ಮೋಸ ನಡೆದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ಹಣವನ್ನು ತಡೆಯುವ ಸಾಧ್ಯತೆ ಹೆಚ್ಚು. ಖಾತೆ ಸ್ಥಗಿತವಾದವರು ಸಂದೇಶ, ರಸೀತಿಗಳೊಡನೆ ಪೊಲೀಸರಿಗೂ ಬ್ಯಾಂಕಿಗೂ ಬರೆದುಕೊಡಿ. ಪೊಲೀಸರು ಸೂಚಿಸಿದ ಮೊತ್ತಕ್ಕಷ್ಟೇ ತಡೆ ಸೀಮಿತವಾಗಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿರುವುದನ್ನು ನೆನಪಿನಲ್ಲಿಡಿ.

ಕೊನೆಯದಾಗಿ, ಭಾನುವಾರ ಕರೆ ಮಾಡಿದ ಶಿಷ್ಯನಿಗೆ ಒಂದು ಮಾತು. ನಿನ್ನ ಯಂತ್ರ ಕರೆಂಟ್ ಬಿಲ್ಲಿನಷ್ಟೂ ದುಡಿಯುತ್ತಿಲ್ಲವೆಂದು ನೀನೇ ಹೇಳಿದೆ. ಆ ಮಾತನ್ನು ಜಾಹೀರಾತಿನ ಮೊದಲ ಸಾಲಿನಲ್ಲಿ ಬರೆಯುವೆಯಾ? ಎಷ್ಟು ವರ್ಷ ಹಗಲಿರುಳು ಓಡಿದೆ, ಯಾವ ಫ್ಯಾನ್ ಬದಲಾಯಿಸಿದೆ, ಬಿಲ್ಲು ಎಷ್ಟು ಬರುತ್ತದೆ ಎಂಬುದನ್ನೂ ಬರೆ. ನಿನ್ನಂತೆಯೇ ಆಸೆಪಟ್ಟ, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಅದನ್ನು ಓದಿ ಹಿಂದೆ ಸರಿದರೆ ಸರಿಯಲಿ. ಮೋಸ ಹೋಗಬಾರದೆಂದು ಎಚ್ಚರವಿರುವವನು ಮೋಸ ಮಾಡಬಾರದೆಂಬ ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಗುಜರಿಯವನು ಎರಡು ಸಾವಿರ ಕೊಟ್ಟರೂ ಸಾಕು, ಅದು ಯಾರ ಹಣ ಎಂಬುದಾದರೂ ನಿನಗೆ ಗೊತ್ತಿರುತ್ತದೆ. ರಾತ್ರಿ ನಿದ್ದೆ ಬರುತ್ತದೆ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು