ನಡುಗದ ನೆಲವೆಂಬ ನಂಬಿಗೆ

ದಖ್ಖಣದ ಕರಿಕಲ್ಲಿನ ಮೇಲೆ ಬಾಳುವ ನಮ್ಮ ಜನರಲ್ಲಿ ತಲತಲಾಂತರದಿಂದ ಒಂದು ನಂಬಿಗೆ ಬೇರೂರಿಕೊಂಡು ಬಂದಿದೆ. ಭೂಕಂಪವೆಂಬುದು ಹಿಮಾಲಯದ ಮಡಿಲಿನವರ, ಅಸ್ಸಾಮದವರ, ಕಚ್ಛದವರ ಪಾಲಿಗೆ ಬಂದ ವಿಪತ್ತು. ನಮ್ಮ ನೆಲವಾದರೋ ಅತ್ಯಂತ ಪುರಾತನವಾದುದು, ಗಟ್ಟಿಯಾದುದು, ಅದು ಅಲುಗದು ಎಂಬುದೇ ಆ ನಂಬಿಗೆ. ಬಲ್ಲವರಲ್ಲದವರು ಮಾತ್ರ ಹೀಗೆ ತಿಳಿದಿದ್ದರೆ ನಾವು ಅಷ್ಟಾಗಿ ವ್ಯಥೆಪಡುತ್ತಿರಲಿಲ್ಲ. ಬಲ್ಲವರೂ ಇದನ್ನೇ ನಕಾಶೆಯಲ್ಲಿ ಬರೆದಿಟ್ಟಿದ್ದರು. 1993ನೆಯ ಇಸವಿಯವರೆಗೆ ಸರಕಾರವು ಕಟ್ಟಡದ ಕೆಲಸಕ್ಕಾಗಿ ಇರಿಸಿಕೊಂಡಿದ್ದ ಭೂಕಂಪದ ನಕಾಶೆಯಲ್ಲಿ ಲಾತೂರಿನ ಸೀಮೆಯು ಒಂದನೆಯ ವಲಯದಲ್ಲಿತ್ತು; ಎಂದರೆ ಎಲ್ಲಕ್ಕಿಂತ ಕಡಮೆ ಅಪಾಯದ ಪ್ರದೇಶವೆಂದು ಗಣಿಸಲ್ಪಟ್ಟಿತ್ತು.

ಆ ವರುಷದ ಸಪ್ಟಂಬರ 30ರಂದು, ಬೆಳಗಿನ ಜಾವ ನಾಲ್ಕು ಹೊಡೆಯಲು ಕೆಲವೇ ನಿಮಿಷಗಳಿರುವಾಗ, ಕಿಲ್ಲಾರಿಯ ನೆಲವು ನಡುಗಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ ಜನ. ಕಂಪನದ ಪ್ರಮಾಣ 6.2. ಜಗತ್ತಿನ ಭೂಕಂಪಗಳ ಲೆಕ್ಕದಲ್ಲಿ ಇದು ಮಧ್ಯಮ ತರದ್ದೇ ಸರಿ. ಇಷ್ಟು ಬಲದ ಕಂಪನಗಳು ಪ್ರತಿವರ್ಷವೂ ಭೂಮಂಡಲದಲ್ಲಿ ಅನೇಕ ಕಡೆ ಆಗುತ್ತಿರುತ್ತವೆ. ಆದರೆ ಲಾತೂರು ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನರು ಹಾಸಿಗೆಯಿಂದ ಏಳಲೇ ಇಲ್ಲ.

ಇದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1994ನೆಯ ಜನವರಿ 17ರಂದು, ಅಮೇರಿಕೆಯ ಲಾಸ್ ಏಂಜಲಿಸ್ ನಗರಕ್ಕೆ ಸೇರಿದ ನಾರ್ತ್‌ರಿಜ್ಜಿನಲ್ಲಿ ಭೂಮಿ ನಡುಗಿತು. ಅದೂ ನಸುಕಿನ ನಾಲ್ಕೂವರೆಯ ಹೊತ್ತು. ಅಲ್ಲಿಯೂ ಜನ ಮಲಗಿದ್ದರು. ಪ್ರಮಾಣ 6.7, ಎಂದರೆ ಕಿಲ್ಲಾರಿಯದಕ್ಕಿಂತ ಐದು ಪಟ್ಟಿಗೂ ಮಿಗಿಲಾದ ಶಕ್ತಿ. ಲಕ್ಷಗಟ್ಟಲೆ ಜನ ಒತ್ತಾಗಿ ನೆಲೆಸಿದ ಆ ಸೀಮೆಯಲ್ಲಿ ಸತ್ತವರು ಅರುವತ್ತರ ಆಸುಪಾಸು. ಈ ಎರಡು ಅಂಕೆಗಳನ್ನು ನಮ್ಮ ವಾಚಕರು ಒಂದರ ಮಗ್ಗುಲಲ್ಲೊಂದನ್ನು ಇಟ್ಟು ನೋಡಬೇಕೆಂದು ನಾವು ಬೇಡುತ್ತೇವೆ. ಹತ್ತು ಸಾವಿರಕ್ಕೂ ಅರುವತ್ತಕ್ಕೂ ನಡುವಣ ಅಂತರವನ್ನು ಭೂಮಿಯು ಮಾಡಿದ್ದಲ್ಲ.

ಮಾಡಿದುದು ಗೋಡೆ. ಆ ಗೋಡೆಯ ಪರಿಚಯ ನಮ್ಮವರಿಗೆ ಬೇರೆ ಮಾಡಿಕೊಡಬೇಕಾಗಿಲ್ಲ. ಹೊಲದಲ್ಲಿ ಸಿಕ್ಕ ಗುಂಡು ಗುಂಡಾದ ಕರಿಗಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿ, ಒಳಮೈಯೊಂದು ಹೊರಮೈಯೊಂದಾಗಿ ಎಬ್ಬಿಸಿ, ನಡುವೆ ಕಲ್ಲುಚೂರು ಮತ್ತು ಮಣ್ಣು ತುಂಬಿದ ಎರಡು ಮೂರು ಮೊಳ ದಪ್ಪದ ಗೋಡೆ. ಬೇಸಗೆಯಲ್ಲಿ ತಂಪು, ಕಳ್ಳಕಾಕರ ಭಯವಿಲ್ಲ. ಗೋಡೆ ದಪ್ಪವಾದಷ್ಟೂ ಮನೆತನದ ಘನತೆ ಹೆಚ್ಚು. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದಷ್ಟು ಮಣ್ಣು. ಸೋರಿದಾಗ ಹಳೆಯ ಮಣ್ಣನ್ನು ಕೆದರಿ ತೆಗೆಯುವವರು ವಿರಳ. ಅದರ ಮೇಲೆಯೇ ಹೊಸ ಮಣ್ಣನ್ನು ಹೊಡೆಯುವವರೇ ಬಹಳ. ಹೀಗೆ ವರುಷ ವರುಷಕ್ಕೂ ಮಾಳಿಗೆಯ ಭಾರವು ಬೆಳೆಯುತ್ತ ಹೋಗುತ್ತದೆ. ನೆಲ ಅಲುಗಿದಾಗ ಈ ಗೋಡೆಯ ಎರಡು ಮೈಗಳು ಒಂದನ್ನೊಂದು ಬಿಟ್ಟು ಸಿಡಿಯುತ್ತವೆ. ಏಕೆಂದರೆ ಒಳಮೈಯಿಂದ ಹೊರಮೈಗೆ ಚಾಚಿ ಅವೆರಡನ್ನೂ ಹಿಡಿದಿಡುವ ಉದ್ದಗಲ್ಲುಗಳನ್ನು ಗವಂಡಿಯು ಇಟ್ಟಿರುವುದಿಲ್ಲ. ಕಿಲ್ಲಾರಿಯ ಸುತ್ತಣ ಹಳ್ಳಿಗಳಲ್ಲಿ ಕಟ್ಟಿಗೆಯ ಕಂಬಗಳಿದ್ದ ಕೆಲವು ಮನೆಗಳ ಮಾಳಿಗೆ ಕಂಬದ ಮೇಲೆ ನಿಂತೇ ಇತ್ತು. ಗೋಡೆ ಮಾತ್ರ ಒಳಗುರುಳಿ ಮಲಗಿದವರನ್ನು ಮುಚ್ಚಿತು. ಹಗುರಾದ ಹುಲ್ಲಿನ ಮಾಡಿನ ಗುಡಿಸಲಿನಲ್ಲಿ ಮಲಗಿದ ಬಡವನಿಗೆ ಅಂಥ ಸಾವಿನ ಭಯ ಕಡಮೆ. ಸಿರಿವಂತಿಕೆಯ ಗುರುತೆಂದು ಕಟ್ಟಿಸಿದ ಗೋಡೆಯೇ ಮನೆಯವರಿಗೆ ಸಮಾಧಿಯಾಯಿತೆಂಬುದು ಎಂಥ ಕಠೋರ ಸಂಗತಿ!

ಮುನ್ಸೂಚನೆಯೇ ಇರಲಿಲ್ಲವೆಂದು ಹೇಳುವಂತಿಲ್ಲ. 1992ರಲ್ಲಿ ಅದೇ ಕಿಲ್ಲಾರಿಯ ಜನರು ಸಣ್ಣ ಸಣ್ಣ ಕಂಪನಗಳನ್ನು ಅನುಭವಿಸಿ ಗಾಬರಿಗೊಂಡಿದ್ದರು. ಸಣ್ಣ ಕಂಪನಗಳ ಹಿಂದೆ ದೊಡ್ಡದೊಂದು ಬಂದೇ ಬರುತ್ತದೆಂದು ಯಾವ ವಿಜ್ಞಾನಿಯೂ ಹೇಳಲಾರನು. ಬಹಳ ಸಲ ಅವು ತಾವಾಗಿಯೇ ಅಡಗಿ ಹೋಗುತ್ತವೆ. ದಿನ ಗಳಿಗೆಗಳನ್ನು ಮುಂದಾಗಿ ಹೇಳುವ ವಿದ್ಯೆ ಇಂದಿಗೂ ಯಾವ ದೇಶಕ್ಕೂ ಸಾಧಿಸಿಲ್ಲ. ಆದರೆ ಗಳಿಗೆಯನ್ನು ಹೇಳಲಾಗದೆಂಬುದು ಬೇರೆ, ಗೋಡೆಯನ್ನು ನೋಡಲಾಗದೆಂಬುದು ಬೇರೆ. ಆ ಒಂದು ವರುಷದ ಅವಧಿಯಲ್ಲಿ ಮಾಳಿಗೆಯ ಮಣ್ಣನ್ನು ಇಳಿಸುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ, ಸಲಿಕೆ ಸಾಕಾಗಿತ್ತು.

ದಖ್ಖಣಕ್ಕೆ ಇದು ಮೊದಲನೆಯ ಪಾಠವೂ ಅಲ್ಲ. 1967ನೆಯ ಡಿಸೆಂಬರ 11ರಂದು ಕೊಯ್ನೆಯ ಆಣೆಕಟ್ಟಿನ ಬಳಿಯಲ್ಲಿ 6.3ರ ಪ್ರಮಾಣದ ಕಂಪನವಾಗಿ ನೂರೆಂಬತ್ತರಷ್ಟು ಜನರು ಮಡಿದರು. ಜಲಾಶಯದಲ್ಲಿ ನೀರು ನಿಲ್ಲತೊಡಗಿದ ಮೇಲೆ ಆ ಭಾಗದಲ್ಲಿ ಕಂಪನಗಳು ಹೆಚ್ಚಿದ್ದನ್ನು ಶಾಸ್ತ್ರಜ್ಞರು ಗುರುತಿಸಿದ್ದಾರೆ. ನೀರಿನ ಭಾರ ಮತ್ತು ಬಂಡೆಯ ಬಿರುಕುಗಳಲ್ಲಿ ಇಳಿಯುವ ನೀರು ಇವು ಭೂಗರ್ಭದ ಒತ್ತಡವನ್ನು ಸಡಿಲಿಸಬಲ್ಲವೆಂಬುದಕ್ಕೆ ಕೊಯ್ನೆಯು ಇಂದು ಲೋಕಪ್ರಸಿದ್ಧ ನಿದರ್ಶನವಾಗಿದೆ. ಕೊಯ್ನೆಯ ಅನಂತರ 1970ರಲ್ಲಿ ನಕಾಶೆಯನ್ನು ತಿದ್ದಿದರು. ಕಿಲ್ಲಾರಿಯ ಅನಂತರ 2002ರಲ್ಲಿ ಮತ್ತೆ ತಿದ್ದಿದರು. ಒಂದನೆಯ ವಲಯವೆಂಬುದನ್ನೇ ಅಳಿಸಿ ಹಾಕಿ, ಅಪಾಯವೇ ಇಲ್ಲವೆಂಬಂಥ ಭೂಮಿ ಭಾರತದಲ್ಲಿಲ್ಲವೆಂದು ಒಪ್ಪಿಕೊಂಡರು. ತಿದ್ದಿದ್ದು ಯೋಗ್ಯವೇ. ಆದರೆ ನಕಾಶೆಯ ಬಣ್ಣ ಬದಲಾಗಬೇಕಾದರೆ ಪ್ರತಿಸಲವೂ ಹೆಣಗಳ ರಾಶಿ ಬೀಳಬೇಕೆ? ಕಡಮೆ ಅಪಾಯದ ವಲಯವೆಂದರೆ ಕಂಪನವು ವಿರಳವೆಂದು ಅರ್ಥ. ಬಂದಾಗ ಮೃದುವಾಗಿ ಬರುವುದೆಂದು ಅರ್ಥವಲ್ಲ. ಈ ಭೇದವನ್ನು ಅಧಿಕಾರಿವರ್ಗವೇ ಅರಿಯದಿದ್ದರೆ ಹಳ್ಳಿಯ ಗವಂಡಿಯಿಂದ ಅದನ್ನು ಹೇಗೆ ನಿರೀಕ್ಷಿಸಬೇಕು?

ಮೇಲಿಂದ ಮೇಲೆ ನಡುಗುವ ನಾಡಿನ ಜನರು ತಮ್ಮ ಮನೆ ಕಟ್ಟುವ ರೀತಿಯಲ್ಲಿಯೇ ವಿವೇಕವನ್ನು ಕಲಿತುಕೊಂಡಿರುತ್ತಾರೆ. ಕಾಶ್ಮೀರದವರು ಗೋಡೆಯಲ್ಲಿ ಕಟ್ಟಿಗೆಯ ಚೌಕಟ್ಟನ್ನು ಹೆಣೆಯುತ್ತಾರೆ. ಕಚ್ಛದವರ ದುಂಡನೆಯ ಭುಂಗಾ ಮನೆಗಳಲ್ಲಿ ಅನೇಕವು 2001ರ ಮಹಾಕಂಪನದಲ್ಲಿಯೂ ನಿಂತವು. 1897ರ ಭೂಕಂಪದ ತರುವಾಯ ಅಸ್ಸಾಮದಲ್ಲಿ ಬಿದಿರು ಕಟ್ಟಿಗೆಗಳ ಹಗುರಾದ ಮನೆಗಳೇ ರೂಢಿಗೆ ಬಂದವು. ನೂರಾರು ವರ್ಷಗಳಿಗೊಮ್ಮೆ ನಡುಗುವ ನಾಡಿಗೆ ಅಂಥ ಸ್ಮರಣೆ ಉಳಿಯುವುದಿಲ್ಲ. ಅಜ್ಜನು ಕಂಡಿಲ್ಲ, ಮುತ್ತಜ್ಜನು ಹೇಳಿಲ್ಲ. ಆದುದರಿಂದ ಸ್ಮರಣೆಯು ಕೊಡಲಾರದ ವಿವೇಕವನ್ನು ಅಂಥಲ್ಲಿ ಶಾಸ್ತ್ರವೂ ಶಾಸನವೂ ಕೊಡಬೇಕಾಗುತ್ತದೆ.

ಕೊಡುವುದು ಸಾಧ್ಯವೆಂಬುದಕ್ಕೆ ನಮ್ಮವರದೇ ಒಂದು ಉದಾಹರಣೆಯಿದೆ. 1931ರಲ್ಲಿ ಬಲೂಚಿಸ್ತಾನದಲ್ಲಿ ಭೂಕಂಪವಾದ ಮೇಲೆ ರೈಲ್ವೆಯ ತರುಣ ಇಂಜಿನಿಯರರಾದ ಎಸ್. ಎಲ್. ಕುಮಾರ ಎಂಬವರು ಕಂಪನವನ್ನು ತಾಳಿಕೊಳ್ಳುವ ಮನೆಗಳ ರಚನೆಯನ್ನು ಲೆಕ್ಕ ಹಾಕಿ ಕ್ವೆಟ್ಟಾದಲ್ಲಿ ರೈಲ್ವೆಯ ನೌಕರರಿಗಾಗಿ ಕಟ್ಟಿಸಿದರು. 1933ರಲ್ಲಿ ಅದನ್ನು ಕುರಿತು ಪ್ರಬಂಧವನ್ನೂ ಪ್ರಕಟಿಸಿದರು. 1935ನೆಯ ಮೇ 31ರ ರಾತ್ರಿ ಕ್ವೆಟ್ಟಾ ಪಟ್ಟಣವು ನೆಲಸಮವಾಗಿ ಸಾವಿರಗಟ್ಟಲೆ ಜನರು ಅಳಿದಾಗ ಆ ಮನೆಗಳು ನಿಂತವು. ಇಂದು ಆ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಅದರ ಹಿಂದಿನ ವರ್ಷವೇ ಬಿಹಾರದ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಮಹಾತ್ಮರು ನುಡಿದುದೂ, ರವೀಂದ್ರರು ಅದನ್ನು ವಿರೋಧಿಸಿದುದೂ ಎಲ್ಲರಿಗೂ ನೆನಪಿದೆ. ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಈ ವಾದದಲ್ಲಿ ನಾವು ಕವಿಗಳ ಪಕ್ಷದವರೆಂದು ವಿನಯದಿಂದಲೇ ಹೇಳುತ್ತೇವೆ. ದೇವರ ಶಿಕ್ಷೆಯೆಂದಾಗಲಿ ವಿಧಿಲಿಖಿತವೆಂದಾಗಲಿ ಅಂದುಕೊಂಡ ಕೂಡಲೆ ಗೋಡೆ ಕಟ್ಟಿದವನ ಹೊಣೆ ಜಾರಿ ಹೋಗುತ್ತದೆ.

ಕಿಲ್ಲಾರಿಯು ನಮ್ಮ ಬಸವಕಲ್ಯಾಣ, ಆಳಂದಗಳಿಂದ ನೂರು ಕಿಲೊಮೀಟರಿನೊಳಗಿದೆ. ಮೇಲೆ ವರ್ಣಿಸಿದ ಗೋಡೆ ಗಡಿಯ ಆಚೆಗೂ ಉಂಟು, ಈಚೆಗೂ ಉಂಟು. 2021ನೆಯ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತಲೂ 4ರ ಆಸುಪಾಸಿನ ಪ್ರಮಾಣದ ಕಂಪನಗಳಾದುವು. ಜನರು ಬಯಲಲ್ಲಿ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಇಂಥ ಹೊತ್ತಿನಲ್ಲಿ ಅಧಿಕಾರಿಗಳು ಬಂದು ಹೆದರಬೇಡಿರೆಂದು ಧೈರ್ಯ ಹೇಳುವುದು ವಾಡಿಕೆ. ಧೈರ್ಯ ಹೇಳಲಿ, ಬೇಡವೆನ್ನೆವು. ಅದರೊಡನೆ ಸುತ್ತಿನ ಮನೆಗಳ ಗೋಡೆಗಳನ್ನೂ ಬಲ್ಲವರಿಂದ ತೋರಿಸಿ ನೋಡಿಸಲಿ. ಬರಿಯ ಧೈರ್ಯದಿಂದ ಕಲ್ಲು ಕಲ್ಲಿಗೆ ಅಂಟುವುದಿಲ್ಲ.

ಸಿಮೆಂಟಿನ ಮನೆಯಲ್ಲಿರುವ ಪಟ್ಟಣಿಗರು ಇದು ಹಳ್ಳಿಯವರ ಮಾತೆಂದು ನಿಶ್ಚಿಂತರಾಗಬಾರದು. 2001ರ ಜನವರಿ 26ರಂದು ಕಚ್ಛವು ನಡುಗಿದಾಗ ಇನ್ನೂರು ಕಿಲೊಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅನೇಕ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನರು ಸತ್ತರು. ಅವುಗಳಲ್ಲಿ ಬಹಳಷ್ಟರ ಕೆಳಗಿನ ಅಂತಸ್ತು ಮೋಟಾರುಗಳನ್ನು ನಿಲ್ಲಿಸುವುದಕ್ಕೆಂದು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ಬಿಟ್ಟದ್ದು. ನಾರ್ತ್‌ರಿಜ್ಜಿನಲ್ಲಿ ಒಂದೇ ಕಡೆ ಹದಿನಾರು ಜನರು ಸತ್ತುದು ಕೂಡ ಮೂರಂತಸ್ತಿನ ವಸತಿಯೊಂದರ ಕೆಳಗಿನ ಅಂತಸ್ತು ಕುಸಿದುದರಿಂದಲೇ. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಇಂಥ ಕಂಬಗಾಲಿನ ಮನೆಗಳಿಲ್ಲ? ಕಂಬದೊಳಗಿನ ಕಬ್ಬಿಣದ ಸುತ್ತುಬಳೆಗಳು ಒತ್ತಾಗಿವೆಯೇ, ಅವುಗಳ ತುದಿಯನ್ನು ಒಳಕ್ಕೆ ಬಾಗಿಸಲಾಗಿದೆಯೇ ಎಂದು ಕೊಳ್ಳುವವರು ಕೇಳುವುದಿಲ್ಲ. ನೆಲಕ್ಕೆ ಹಾಸಿದ ಹೊಳಪುಗಲ್ಲು ಎಲ್ಲಿಯದೆಂದು ಮಾತ್ರ ತಪ್ಪದೆ ಕೇಳುತ್ತಾರೆ.

ಇನ್ನು ಪುನರ್ವಸತಿಯ ಮಾತು. ಕಿಲ್ಲಾರಿಯ ಅನಂತರ ಅನೇಕ ಹಳ್ಳಿಗಳನ್ನು ಬೇರೆ ಕಡೆ ಹೊಸದಾಗಿ ಕಟ್ಟಿದರು. ನೇರವಾದ ಅಗಲ ಬೀದಿಗಳು, ಒಂದೇ ಅಚ್ಚಿನ ಮನೆಗಳು. ದನಕ್ಕೆ ಕಟ್ಟೆಯಿಲ್ಲ, ಕಾಳಿಗೆ ಹಗೇವಿಲ್ಲ, ಸಂಸಾರ ಬೆಳೆದರೆ ಎಡೆಯಿಲ್ಲ. ವರುಷಗಳು ಕಳೆದಂತೆ ಜನರು ಹೊಸ ಮನೆಗಳ ಮಗ್ಗುಲಿಗೆ ತಮಗೆ ಬೇಕಾದ ಕೋಣೆಗಳನ್ನು ತಾವೇ ಕಟ್ಟಿಕೊಂಡರು. ಅವುಗಳಲ್ಲಿ ಎಷ್ಟೋ ಗೋಡೆಗಳು ಮೊದಲಿನಂತೆ ಕಲ್ಲಿನವೇ. ಇದನ್ನು ಕಂಡು ಹಳ್ಳಿಗರ ಮೌಢ್ಯವೆಂದು ನಗುವವರನ್ನು ನಾವು ಒಪ್ಪಲಾರೆವು. ಮನೆಯನ್ನು ಕೊಟ್ಟರು, ಕಟ್ಟುವ ವಿದ್ಯೆಯನ್ನು ಗವಂಡಿಯ ಕೈಗೆ ಸಾಕಷ್ಟು ಕೊಡಲಿಲ್ಲ. ಆ ವಿದ್ಯೆಯೇನು ದೊಡ್ಡದಲ್ಲ: ಎರಡೆರಡು ಅಡಿಗೊಂದರಂತೆ ಗೋಡೆಯನ್ನು ಹಿಡಿದಿಡುವ ಉದ್ದಗಲ್ಲು, ಮೂಲೆಗಳಲ್ಲಿ ಕಟ್ಟು, ಬಾಗಿಲು ಕಿಟಕಿಗಳ ಮೇಲ್ಗಡೆ ಮನೆಯ ಸುತ್ತಲೂ ತುಂಡಾಗದೆ ಹರಿಯುವ ಒಂದು ಕಾಂಕ್ರೀಟಿನ ಅಥವಾ ಕಟ್ಟಿಗೆಯ ಪಟ್ಟಿ, ಹಗುರಾದ ಮಾಡು. ಕಲ್ಲನ್ನು ಬಿಡಬೇಕಾಗಿಲ್ಲ, ಊರನ್ನು ಬಿಡಬೇಕಾಗಿಲ್ಲ.

ನಮ್ಮ ಬೇಡಿಕೆಯೂ ಸಣ್ಣದೇ. 2015ರಲ್ಲಿ ನೇಪಾಳವು ನಡುಗಿದ ದಿನ ಶನಿವಾರ. ಅಲ್ಲಿ ಅದು ರಜೆಯ ದಿನವಾದುದರಿಂದ ಉರುಳಿದ ಸಾವಿರಾರು ಶಾಲೆಯ ಕೋಣೆಗಳಲ್ಲಿ ಮಕ್ಕಳಿರಲಿಲ್ಲ. ಕಾಠಮಾಂಡುವಿನ ಕಣಿವೆಯಲ್ಲಿ ಮೊದಲೇ ಬಲಪಡಿಸಿದ್ದ ಶಾಲೆಗಳು ಮಾತ್ರ ನಿಂತು, ನಿರಾಶ್ರಿತರಿಗೆ ನೆರಳಾದುವು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಪ್ರತಿಯೊಂದು ಶಾಲೆಯ ಗೋಡೆಯನ್ನೂ ಮಾಡನ್ನೂ ಬಲ್ಲವರು ಪರೀಕ್ಷಿಸಿ, ಯಾವುದು ನಿಲ್ಲುವುದು, ಯಾವುದು ನಿಲ್ಲದು ಎಂಬ ಪಟ್ಟಿಯನ್ನು ಆಯಾ ಊರಿನ ಪಂಚಾಯತಿಯ ಬಾಗಿಲಿಗೆ ಅಂಟಿಸಬೇಕು. ಪರೀಕ್ಷಿಸಿದ ಇಂಜಿನಿಯರರ ಹೆಸರು, ಸಹಿ, ದಿನಾಂಕಗಳು ಅದರಲ್ಲಿರಬೇಕು. ಮಕ್ಕಳು ಮನೆಯಲ್ಲಿರುವ ಬೇಸಗೆಯ ರಜೆಯಲ್ಲಿ ಈ ಕೆಲಸಕ್ಕೆ ತೊಡಗಿ, ಚಿಂಚೋಳಿ, ಆಳಂದ, ಬಸವಕಲ್ಯಾಣ ತಾಲೂಕುಗಳ ಶಾಲೆಗಳನ್ನು ಎಲ್ಲಕ್ಕಿಂತ ಮೊದಲು ನೋಡಿಸಬೇಕು.