ಮೀಸಲು ಆಟಗಾರರು

ಹನ್ನೊಂದು ಮಂದಿಯ ಪಟ್ಟಿಯಲ್ಲಿ ಹೆಸರಿಲ್ಲದೆ ಮುಖ ಬಾಡಿಸಿಕೊಂಡು ಕುಳಿತ ಗೆಳೆಯರನ್ನು ನಾವೆಲ್ಲರೂ ಕಂಡಿದ್ದೇವೆ. ಮೀಸಲು ಆಟಗಾರನೆಂದರೆ ಬೇಡವಾದವನೇ? ಅಲ್ಲವೆಂದೇ ನಮ್ಮ ಅಭಿಪ್ರಾಯ.

2022ರಲ್ಲಿ ಗೋವೆಯಲ್ಲಿ ಎಂಟು ಕಿರಿಯ ಫುಟ್‌ಬಾಲ್ ಪಡೆಗಳಿಗಾಗಿ ಡೆವಲಪ್‌ಮೆಂಟ್ ಲೀಗ್ ನಡೆಯಿತು. ತಲಾ ಏಳು ಪಂದ್ಯಗಳು. ಬೆಂಗಳೂರು ಎಫ್.ಸಿ.ಯ ಮೀಸಲು ಪಡೆಯು ಅದರಲ್ಲಿ ಪ್ರಥಮ ಸ್ಥಾನ ಗಳಿಸಿತು. ಅಲ್ಲಿ ಆಡಿದ ಶಿವಶಕ್ತಿ ನಾರಾಯಣನ್, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿರಿಯರ ತಂಡದ ಪರವಾಗಿ ಆಡಿ, ಡ್ಯೂರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೊದಲ ಗೋಲು ಹೊಡೆದರು; ತಂಡವು 2–1ರಿಂದ ಗೆದ್ದಿತು. ಹಿಂದೆ ದಶಕಗಳ ಕಾಲ ನಮ್ಮ ದಿಲ್ಲಿಯಲ್ಲೇ ನಡೆಯುತ್ತಿದ್ದ ಕಪ್ ಅದು!

ಬೆಂಚಿನ ಮೇಲೆ ಕುಳಿತವನು ಬೆಳೆಯನು, ಆಡಿದವನು ಬೆಳೆಯುವನು. ಆದುದರಿಂದ ನಮ್ಮ ಮೀಸಲು ಹುಡುಗರಿಗೂ ನೆರೆಯ ಶಾಲೆಗಳ ಮೀಸಲು ಪಡೆಗಳೊಡನೆ ಪಂದ್ಯಗಳು ಏರ್ಪಡಲೆಂದು ಗುರುಗಳಲ್ಲಿ ವಿನಂತಿಸುತ್ತೇವೆ.